ಪುಣೆಯಿಂದ ಅಂಬೋಲಿ ಮೇಲೆ ಗೋವಾಕ್ಕೆ: ಡಿಕ್ಕಿಯಲ್ಲಿ ಒಂದು ಕೆಪಾಸಿಟರ್ ಡಬ್ಬಿ ಇರಲಿ

ಮಳೆಗಾಲದಲ್ಲಿ ಸ್ವಂತ ಕಾರಿನಲ್ಲಿ ಗೋವಾಕ್ಕೆ ಹೊರಡುವವರು ಟಯರು, ವೈಪರು, ಬ್ರೇಕು ಎಲ್ಲ ನೋಡಿಕೊಳ್ಳುತ್ತಾರೆ. ಬ್ಯಾಟರಿ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಘಾಟಿಯಲ್ಲಿ ಕೈಕೊಡುವುದು ಅದೇ. ಹಗಲಲ್ಲೂ ಹೆಡ್‌ಲೈಟ್ ಬೇಕು, ವೈಪರ್ ನಿಲ್ಲುವ ಹಾಗಿಲ್ಲ, ಗಾಜಿನ ಮಬ್ಬಿಗೆ ಬ್ಲೋವರ್ ಬೇಕು, ಹಿಂದಿನ ಸೀಟಿನವರ ಮೊಬೈಲ್ ಚಾರ್ಜ್ ಬೇರೆ. ಲಾರಿಗಳ ಹಿಂದೆ ನಿಂತು ನಿಂತು ಹೋಗುವಾಗ ಎಂಜಿನ್ ನಿಧಾನ ತಿರುಗುತ್ತದೆ, ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಕೊಡುವ ಕರೆಂಟೂ ಕಡಿಮೆ. ಹಳೇ ಬ್ಯಾಟರಿ ಆದರೆ ಮರುದಿನ ಬೆಳಿಗ್ಗೆ ಅದರ ಬಣ್ಣ ಬಯಲು. ಅಂಥ ಹೊತ್ತಿನಲ್ಲಿ ಕಾರು ಚಾಲೂ ಮಾಡಿಕೊಡುವ ಕೆಪಾಸಿಟರ್ ಡಬ್ಬಿಯ ಕತೆ ಇದು.

ಶ್ರಾವಣದಲ್ಲಿ ನಾವು ಪುಣೆಯಿಂದ ಹೊರಟದ್ದು ಸತಾರಾ, ಕೊಲ್ಹಾಪುರ, ನಿಪ್ಪಾಣಿ, ಆಜ್ರಾ, ಅಂಬೋಲಿ, ಸಾವಂತವಾಡಿ ದಾರಿಯಲ್ಲಿ. ಕೊಲ್ಹಾಪುರದವರೆಗೆ ಸುಮಾರು 230 ಕಿ.ಮೀ. ನಾವು ಹೋದಾಗ ಸತಾರಾ ದಾಟಿದ ಮೇಲೆ ಹೆದ್ದಾರಿ ಅಗಲ ಮಾಡುವ ಕೆಲಸ ನಡೆದಿತ್ತು. ಅಲ್ಲಲ್ಲಿ ತಿರುವು, ಅಲ್ಲಲ್ಲಿ ಜಾಮ್. ನಸುಕಿನಲ್ಲೇ ಕಾತ್ರಜ್ ದಾಟಿಬಿಡಿ, ಇಲ್ಲದಿದ್ದರೆ ಪುಣೆಯಿಂದ ಹೊರಬೀಳುವುದರಲ್ಲೇ ಅರ್ಧ ಉತ್ಸಾಹ ಹೋಗುತ್ತದೆ. ಕೊಲ್ಹಾಪುರದಲ್ಲಿ ತಾಂಬಡಾ ರಸ್ಸಾ (ಖಾರದ ಕೆಂಪು ಸಾರು) ಉಂಡು ಘಾಟಿ ಹತ್ತುವ ಆಸೆ ಇದ್ದರೆ, ಹಿಂದಿನ ಸೀಟಿನವರನ್ನು ಒಂದು ಮಾತು ಕೇಳಿ.

ಅಂಬೋಲಿಯಲ್ಲಿ ಒಂದು ರಾತ್ರಿ ಉಳಿಯುವುದು ಒಳ್ಳೆಯದು. ಜಲಪಾತದ ಹತ್ತಿರ ಶನಿವಾರ, ಭಾನುವಾರ ಕಾಲಿಡಲು ಜಾಗ ಇರುವುದಿಲ್ಲ. ಅದರ ಬದಲು ಹಿರಣ್ಯಕೇಶಿ ಗುಡಿಗೆ ಹೋಗಿ. ಗುಹೆಯ ಒಳಗಿಂದ ನೀರು ಹೊರಗೆ ಬರುತ್ತದೆ. ಸಂಕೇಶ್ವರದಲ್ಲಿ ಹರಿದು, ಮುಂದೆ ಘಟಪ್ರಭೆಗೆ ಸೇರುವ ಹಿರಣ್ಯಕೇಶಿ ಹೊಳೆ ಹುಟ್ಟುವುದು ಇಲ್ಲೇ. ನಮ್ಮ ಮಾವ ಬೆಳಗಾವಿ ಕಡೆಯವರು. ತಮ್ಮೂರ ಹೊಳೆಯ ತವರುಮನೆಗೆ ಬಂದಷ್ಟು ಖುಷಿ ಅವರಿಗೆ.

ಬೆಳಿಗ್ಗೆ ಹೋಂಸ್ಟೇ ಅಂಗಳದಲ್ಲಿ ಜಿಟಿಜಿಟಿ ಮಳೆ, ಮಂಜು. ಸ್ಟಾರ್ಟ್ ಬಟನ್ ಒತ್ತಿದರೆ ಟಕ್ ಟಕ್ ಟಕ್ ಸದ್ದು ಅಷ್ಟೇ. ಮೀಟರಿನ ದೀಪಗಳೆಲ್ಲ ಮಂಕಾದವು.

“ತಳ್ಳಿದ್ರ ಚಾಲೂ ಆಗತೈತಿ ಬಿಡಪಾ, ಇಳಿಜಾರ್ ಐತಲ್ಲ” ಎಂದು ಮಾವ ಪಂಚೆ ಮೇಲೆತ್ತಿ ಸಿದ್ಧರಾದರು.

“ಇದು ಆಟೋಮ್ಯಾಟಿಕ್ ಗೇರ್ ಮಾವ, ತಳ್ಳಿದ್ರೂ ಎಂಜಿನ್ ತಿರುಗಲ್ಲ” ಎಂದೆ. ಅವರಿಗೆ ನಂಬಿಕೆ ಬರಲಿಲ್ಲ. ನಿಜ ಹೇಳಬೇಕೆಂದರೆ ಈ ಕಾಲದ ಕಾರುಗಳಲ್ಲಿ ನನಗೆ ಹಿಡಿಸದ ಸಂಗತಿ ಇದೇ. ಹತ್ತು ಜನ ಸಹಾಯಕ್ಕೆ ಬಂದರೂ ಪ್ರಯೋಜನ ಇಲ್ಲ.

ಡಿಕ್ಕಿಯಿಂದ ಡಬ್ಬಿ ತೆಗೆದೆ. ಇದು ಸಾಮಾನ್ಯವಾಗಿ ಸಿಗುವ ಲಿಥಿಯಂ ಬ್ಯಾಟರಿಯ ಜಂಪ್ ಸ್ಟಾರ್ಟರ್ (ಕೂತ ಬ್ಯಾಟರಿಯ ಕಾರನ್ನು ಚಾಲೂ ಮಾಡುವ ಡಬ್ಬಿ) ಅಲ್ಲ, ಒಳಗಿರುವುದು ಸೂಪರ್ ಕೆಪಾಸಿಟರ್‌ಗಳು, ಅಂದರೆ ಕರೆಂಟನ್ನು ತುಂಬಿಕೊಂಡು ಒಮ್ಮೆಗೇ ಕೊಡಬಲ್ಲ ಭಾಗಗಳು. ಲೈಟು, ಬ್ಲೋವರ್, ಮ್ಯೂಸಿಕ್ ಎಲ್ಲ ಬಂದ್ ಮಾಡಿ, ಕೆಂಪು ಕ್ಲಿಪ್ ಪ್ಲಸ್‌ಗೆ, ಕಪ್ಪು ಕ್ಲಿಪ್ ಎಂಜಿನ್ನಿನ ಬಣ್ಣ ಹಚ್ಚದ ಗಟ್ಟಿ ಲೋಹಕ್ಕೆ ಹಾಕಿದೆ. ಪರದೆಯಲ್ಲಿ ಬ್ಯಾಟರಿ 11.7 ವೋಲ್ಟ್ ಎಂದು ತೋರಿಸಿತು. ಚಾರ್ಜ್ ಗುಂಡಿ ಒತ್ತಿದ ಮೇಲೆ ಅಂಕಿ ಏರುತ್ತಾ ಹೋಯಿತು. ಅದು 15 ವೋಲ್ಟ್ ದಾಟಿ ಹಸಿರು ದೀಪ ಬರುವಷ್ಟರಲ್ಲಿ ಒಳಗಿಂದ ಚಹಾ ಬಂತು. ಸ್ಟಾರ್ಟ್ ಬಟನ್ ಒತ್ತಿದ ತಕ್ಷಣ ಎಂಜಿನ್ ಚಾಲೂ.

ಹೋಂಸ್ಟೇ ಮಾಲೀಕರು ಕೇಳಿದ ಪ್ರಶ್ನೆಯೇ ಎಲ್ಲರೂ ಕೇಳುವುದು: ಡಬ್ಬಿ ಖಾಲಿ ಇತ್ತು, ಚಾರ್ಜ್ ಆದದ್ದು ಅದೇ ಸತ್ತ ಬ್ಯಾಟರಿಯಿಂದ, ಮತ್ತೆ ಹೇಗೆ ಸ್ಟಾರ್ಟ್ ಆಯಿತು?

ಬ್ಯಾಟರಿ ಪೂರ್ತಿ ಸತ್ತಿರಲಿಲ್ಲ, ಅದಕ್ಕೆ. ಸಣ್ಣ ಪೆಟ್ರೋಲ್ ಕಾರಿನ ಸ್ಟಾರ್ಟರ್ ಮೋಟರ್‌ಗೆ ಒಂದೆರಡು ಸೆಕೆಂಡು 150 ಆಂಪಿಯರ್ ಆಸುಪಾಸು ಬೇಕು. ಒಟ್ಟು ಲೆಕ್ಕ ಹಾಕಿದರೆ ಅದು 3,000 ಜೂಲ್ (ಶಕ್ತಿಯ ಅಳತೆ) ಅಷ್ಟೇ. 35 ಆಂಪಿಯರ್-ಅವರ್ ಬ್ಯಾಟರಿ ತುಂಬಿದ್ದಾಗ ಅದರಲ್ಲಿ 15 ಲಕ್ಷ ಜೂಲ್ ಇರುತ್ತದೆ. ಮುಕ್ಕಾಲು ಖಾಲಿಯಾದರೂ ಬೇಕಾದ್ದಕ್ಕಿಂತ ನೂರು ಪಟ್ಟು ಮಿಕ್ಕಿರುತ್ತದೆ. ಬಡಕಲು ಬ್ಯಾಟರಿಗೆ ಅದನ್ನು ಒಮ್ಮೆಗೇ ಕೊಡುವ ತಾಕತ್ತು ಇರುವುದಿಲ್ಲ, ನಿಧಾನವಾಗಿ ಕೊಡಲು ಬರುತ್ತದೆ. ಸಣ್ಣಗೆ ಬರುವ ನಳದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಒಂದೇ ಸಲ ಸುರಿದ ಹಾಗೆ ಈ ಡಬ್ಬಿಯ ಕೆಲಸ.

ಇಂಥ ಡಬ್ಬಿಯಲ್ಲಿ ಸಾಮಾನ್ಯವಾಗಿ 2.7 ವೋಲ್ಟಿನ ಐದಾರು ಕೆಪಾಸಿಟರ್‌ಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ಕೆಪಾಸಿಟರ್ ಎಷ್ಟು ಹಿಡಿಯುತ್ತದೆ ಎನ್ನುವುದರ ಅಳತೆ ಫ್ಯಾರಡ್. ಸಾಲಾಗಿ ಜೋಡಿಸಿದಾಗ ವೋಲ್ಟ್ ಕೂಡುತ್ತದೆ, ಫ್ಯಾರಡ್ ಭಾಗವಾಗುತ್ತದೆ. ಒಂದೊಂದೂ 350 ಫ್ಯಾರಡ್ ಇದ್ದು, ಆರು ಸೇರಿದರೆ ಒಟ್ಟು 58 ಫ್ಯಾರಡ್. 15 ವೋಲ್ಟಿಗೆ ಏರಿಸಿದಾಗ ಸುಮಾರು 6,500 ಜೂಲ್. ಕೆಲಸ ಮಾಡುತ್ತಾ ವೋಲ್ಟೇಜ್ ಇಳಿಯುವುದರಿಂದ ಅಷ್ಟೂ ಕೈಗೆ ಸಿಗುವುದಿಲ್ಲ, ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ಅಂದರೆ ಒಂದು ಸ್ಟಾರ್ಟಿಗೆ ಸಾಕು. ಆಗಲಿಲ್ಲ ಅಂದರೆ ಮತ್ತೆ ಚಾರ್ಜ್ ಮಾಡಬೇಕು. ಒಳಗೆ ಕರೆಂಟ್ ಹಿಡಿದಿಡುವುದು ಆಕ್ಟಿವೇಟೆಡ್ ಕಾರ್ಬನ್. ಅದನ್ನು ಹೆಚ್ಚಾಗಿ ತೆಂಗಿನ ಚಿಪ್ಪಿನ ಇದ್ದಿಲಿನಿಂದಲೇ ಮಾಡುತ್ತಾರೆ ಎಂದಾಗ ಮಾವ ಮೊದಲ ಸಲ ಡಬ್ಬಿಯನ್ನು ಕೈಗೆ ತಗೊಂಡು ನೋಡಿದರು.

ಲಿಥಿಯಂ ಡಬ್ಬಿ ಅಗ್ಗ, ಹಗುರ, ಫೋನ್ ಚಾರ್ಜ್ ಮಾಡುತ್ತದೆ, ಮೂರ್ನಾಲ್ಕು ಸಲ ಪ್ರಯತ್ನಿಸಬಹುದು. ಎರಡು ಮೂರು ತಿಂಗಳಿಗೊಮ್ಮೆ ತಪ್ಪದೆ ಚಾರ್ಜ್ ಮಾಡಿ, ಮನೆಯೊಳಗೆ ತಂಪಾಗಿ ಇಡುವ ಶಿಸ್ತು ಇದ್ದವರಿಗೆ ಅದೇ ಸಾಕು. ನಮ್ಮಂಥವರು ಅದನ್ನು ಡಿಕ್ಕಿಯಲ್ಲಿ ಹಾಕಿ ಮರೆಯುತ್ತೇವೆ. ಪುಣೆಯ ಏಪ್ರಿಲ್ ಬಿಸಿಲಲ್ಲಿ ಮುಚ್ಚಿದ ಕಾರೊಳಗೆ ಲಿಥಿಯಂ ಇಡುವುದು ನನಗಂತೂ ಸರಿ ಕಾಣುವುದಿಲ್ಲ. ಕೆಪಾಸಿಟರನ್ನು ಖಾಲಿಯಾಗಿಯೇ ಇಡಬಹುದು, ಇಡಬೇಕು ಕೂಡ, ಯಾಕೆಂದರೆ ತುಂಬಿಟ್ಟು ಬಿಸಿಯಲ್ಲಿ ಬಿಟ್ಟರೆ ಅದರ ಆಯುಷ್ಯವೂ ಕಡಿಮೆಯಾಗುತ್ತದೆ. ಖಾಲಿ ಇಟ್ಟರೆ ವರ್ಷಗಟ್ಟಲೆ ಮುಟ್ಟದಿದ್ದರೂ ಕೆಲಸಕ್ಕೆ ಬರುತ್ತದೆ. ಲಕ್ಷಗಟ್ಟಲೆ ಸಲ ತುಂಬಿ ಖಾಲಿ ಮಾಡಬಹುದು.

ಜೊತೆಗೆ ಒಂದು ಸಾಧಾರಣ ಪವರ್ ಬ್ಯಾಂಕ್ ಇರಲೇಬೇಕು. ಬ್ಯಾಟರಿ ತೀರಾ ಇಳಿದಿದ್ದರೆ ಡಬ್ಬಿ ಅದರಿಂದ ಏನೂ ಎಳೆಯಲಾರದು. ಆಗ ಯುಎಸ್‌ಬಿಯಿಂದ ತುಂಬಿಸಬೇಕು. 5 ವೋಲ್ಟ್, 2 ಆಂಪಿಯರ್ ಪವರ್ ಬ್ಯಾಂಕ್ ಆದರೆ ಹತ್ತು ಹದಿನೈದು ನಿಮಿಷ ಹಿಡಿಯುತ್ತದೆ.

ಎಂಜಿನ್ ಚಾಲೂ ಆದಮೇಲೆ ಮೊದಲು ಕಪ್ಪು, ಆಮೇಲೆ ಕೆಂಪು ಕ್ಲಿಪ್ ತೆಗೆಯಿರಿ. ತುಂಬಿದ ಡಬ್ಬಿಯ ಕ್ಲಿಪ್ಪುಗಳು ಒಂದಕ್ಕೊಂದು ತಾಗಬಾರದು. ಬ್ಯಾಟರಿ ಉಬ್ಬಿದ್ದರೆ, ಕೊಳೆತ ಮೊಟ್ಟೆ ವಾಸನೆ ಬರುತ್ತಿದ್ದರೆ ಯಾವ ಡಬ್ಬಿಯನ್ನೂ ಜೋಡಿಸಬೇಡಿ. ದೊಡ್ಡ ಡೀಸೆಲ್ ಗಾಡಿ ಇರುವವರು ಡಬ್ಬಿಯ ಮೇಲೆ ಎಷ್ಟು ಲೀಟರ್ ಡೀಸೆಲ್ ಎಂಜಿನ್ನಿಗೆ ಆಗುತ್ತದೆ ಎಂದು ಬರೆದಿರುವುದನ್ನು ನೋಡಿಯೇ ಕೊಳ್ಳಿ. ಪೆಟ್ರೋಲಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ.

ಅಂಬೋಲಿಯಿಂದ ಸಾವಂತವಾಡಿ ಸುಮಾರು 30 ಕಿ.ಮೀ. ಇಳಿಜಾರು. ಅಲ್ಲಿ ಮರದ ಆಟಿಕೆ ಕೊಳ್ಳಲು ಇಳಿದವರು ಇಳಿದರು, ನಾನು ಎಂಜಿನ್ ಆಫ್ ಮಾಡಲಿಲ್ಲ. ಬಾಂದಾ ದಾಟಿ ಪತ್ರಾದೇವಿಯಲ್ಲಿ ಗೋವಾ ಹೊಕ್ಕು, ನೇರ ಮಾಪುಸಾದ ಬ್ಯಾಟರಿ ಅಂಗಡಿಗೆ. ಮೆಕ್ಯಾನಿಕ್ ಬಾಗಲಕೋಟೆ ಕಡೆ ಹುಡುಗ. ನಮ್ಮ ಮಾತು ಕೇಳಿ ತಾನೇ ಕನ್ನಡಕ್ಕೆ ತಿರುಗಿದ. ಬ್ಯಾಟರಿಯ ತಾಕತ್ತು ನೋಡುವ ಲೋಡ್ ಟೆಸ್ಟರ್ ಹಚ್ಚಿ, “ನಾಕ ವರ್ಷ ಆಗೇತ್ರಿ ಅಣ್ಣಾರ, ಇನ್ನ ಎಳ್ಯಾಕ ಹೋಗಬ್ಯಾಡ್ರಿ” ಎಂದ. ಸ್ಟಾರ್ಟ್ ಮಾಡುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿ ಮುಗಿಯಿತು ಎಂದೇ ಲೆಕ್ಕ. ಹಳೇದನ್ನು ಕೊಟ್ಟರೆ ಹೊಸದರ ಬೆಲೆಯಲ್ಲಿ ಕಳೆಯುತ್ತಾರೆ, ಚೌಕಾಸಿ ಮಾಡಿ. ವಾರಂಟಿ ಕಾರ್ಡಿನಲ್ಲಿ ತಾರೀಖು, ಸೀಲು ಎರಡೂ ಇರಲಿ.

ಡಬ್ಬಿಯ ಇನ್ನೊಂದು ಉಪಯೋಗ ಗೊತ್ತಾದದ್ದು ಮೀರಾಮಾರ್ ಬೀಚಿನ ಪಾರ್ಕಿಂಗಿನಲ್ಲಿ. ರಾಣೆಬೆನ್ನೂರಿನ ಒಂದು ಕುಟುಂಬ ಬಾಡಿಗೆ ಕಾರಿನ ಮುಂದೆ ನಿಂತು ಒದ್ದಾಡುತ್ತಿತ್ತು. ಲೈಟ್ ಹಾಗೇ ಉಳಿದು ಬ್ಯಾಟರಿ ಕೂತಿತ್ತು. ನಮ್ಮ ಬ್ಯಾಟರಿಯಿಂದ ಕೇಬಲ್ ಹಾಕೋಣ ಅಂದರೆ ನಮ್ಮ ಕಾರನ್ನು ಹತ್ತಿರ ತರಲು ಜಾಗವೇ ಇಲ್ಲ. ಮೊದಲು ಗಾಡಿ ಮಾಲೀಕರಿಗೆ ಫೋನ್ ಮಾಡಿಸಿದೆ. ಬಾಡಿಗೆ ಗಾಡಿಗೆ ಕೇಳದೆ ಏನೂ ಜೋಡಿಸಬೇಡಿ, ಆಮೇಲಿನ ರಗಳೆ ಯಾರಿಗೆ ಬೇಕು ಅಲ್ವಾ? ಅವರು ಒಪ್ಪಿದ ಮೇಲೆ ನಮ್ಮ ಹೊಸ ಬ್ಯಾಟರಿಯಿಂದ ಡಬ್ಬಿ ತುಂಬಿಸಿ, ಕೈಯಲ್ಲಿ ಹಿಡಿದುಕೊಂಡು ಹೋಗಿ ಅವರ ಗಾಡಿಗೆ ಹಾಕಿದೆ. ಕ್ಲಿಪ್ ಹಾಕಿದ ಕೂಡಲೇ ಕೀ ತಿರುಗಿಸಬೇಕು. ತಡ ಮಾಡಿದರೆ ಖಾಲಿ ಬ್ಯಾಟರಿಯೇ ಡಬ್ಬಿಯ ಕರೆಂಟನ್ನೆಲ್ಲ ಕುಡಿದುಬಿಡುತ್ತದೆ. ಆ ಕುಟುಂಬದಲ್ಲಿ ಗಾಡಿ ಓಡಿಸುತ್ತಿದ್ದ ಹುಡುಗ ಸೀಟ್ ಬೆಲ್ಟ್ ಹಾಕಿಕೊಳ್ಳುತ್ತಾ ಕೂತ, ಮೊದಲ ಸಲ ಹೋಯಿತು. ಎರಡನೇ ಸಲ ಕೀ ಮೇಲೆ ಕೈ ಇಟ್ಟುಕೊಂಡೇ ಇದ್ದ, ಚಾಲೂ ಆಯಿತು. ಮುಕ್ಕಾಲು ಗಂಟೆಯಾದರೂ ನಿಲ್ಲಿಸದೆ ಓಡಿಸಿ ಎಂದು ಹೇಳಿ ಕಳಿಸಿದೆ.

ವಾಪಸ್ ಬರುವಾಗ ಸಾಖಳಿ, ಚೋರ್ಲಾ, ಕಣಕುಂಬಿ, ಜಾಂಬೋಟಿ ಮೇಲೆ ಬೆಳಗಾವಿಗೆ ಬಂದೆವು. ಕಾಡು ಚೆನ್ನಾಗಿದೆ, ರಸ್ತೆ ಕಿರಿದು, ಎಷ್ಟೋ ಕಡೆ ಮೊಬೈಲ್ ಸಿಗ್ನಲ್ ಇಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕೆಟ್ಟು ನಿಂತರೆ ಹೆದ್ದಾರಿ ಸಹಾಯವಾಣಿ 1033ಕ್ಕೆ ಕರೆ ಮಾಡಬಹುದು, ಇಲ್ಲಿ ಸಿಗ್ನಲ್ಲೇ ಇಲ್ಲದಿದ್ದರೆ ಯಾರಿಗೆ ಕರೆಯುವುದು? ಹಾಗಾಗಿ ಈ ದಾರಿಯನ್ನು ಹಗಲಲ್ಲೇ ದಾಟಿ. ಪೆಟ್ರೋಲ್ ಗೋವಾದಲ್ಲೇ ತುಂಬಿಸಿಕೊಳ್ಳಿ, ಮಹಾರಾಷ್ಟ್ರಕ್ಕಿಂತ ಅಗ್ಗ.