ಬೆನ್ನಿಗೆ ಹೊಡೆದ ಔಷಧಿ, ಕಾಲಿಗೆ ಕೂತ ನೊಣ

ಶ್ರಾವಣದ ಜಿಟಿಜಿಟಿ ಮಳೆ ಹಿಡಿದರೆ ನಮ್ಮ ಭಾಲ್ಕಿ ಕಡೆ ಕೊಟ್ಟಿಗೆ ನೆಲ ಒಣಗುವ ಮಾತೇ ಇಲ್ಲ. ಅವತ್ತು ಸಂಜೆ ಹೋಗಿ ನೋಡಿದರೆ ನಮ್ಮ ದೇವಣಿ ಎತ್ತು ಒಂದೇ ಸಮನೆ ಮುಂಗಾಲು ನೆಲಕ್ಕೆ ಬಡಿಯುತ್ತಿತ್ತು. ಹಾಕಿದ ಕಣಕಿ ಹಾಗೇ ಬಿದ್ದಿತ್ತು. ಪಕ್ಕದ ಆಕಳು ಬಾಲ ಬೀಸಿ ಬೀಸಿ ಸುಸ್ತಾಗಿತ್ತು, ಹಾಲೂ ಇಳಿದಿತ್ತು.

ಪೇಟೆಗೆ ಹೋಗಿ ನೊಣ ಸಾಯಲಿ ಅಂತ ದನಕ್ಕೆ ಹೊಡೆಯುವ ಔಷಧಿ, ಡೆಲ್ಟಾಮೆಥ್ರಿನ್ ತಂದೆ. ಚೀಟಿಯಲ್ಲಿ ಬರೆದಷ್ಟೇ ನೀರಿಗೆ ಹಾಕಿ ಬೆನ್ನು, ಡುಬ್ಬ, ಕುತ್ತಿಗೆ ಎಲ್ಲ ತೋಯುವ ಹಾಗೆ ಹೊಡೆದೆ. (ಪಂಪು ಬೇರೆ ಇಟ್ಟಿದ್ದೇನೆ ಮತ್ತೆ. ತೊಗರಿಗೆ ಹೊಡೆಯುವ ಔಷಧಿಯನ್ನೇ ಕರುವಿಗೆ ಹೊಡೆದು, ಅದು ಜೊಲ್ಲು ಸುರಿಸಿ ನಡುಗುತ್ತಾ ಬಿದ್ದಿದ್ದನ್ನು ನಮ್ಮ ಓಣಿಯಲ್ಲೇ ನೋಡಿದ್ದೇನೆ.) ಎರಡು ದಿನ ಬಿಟ್ಟು ನೋಡಿದರೆ ಎತ್ತು ಮತ್ತೆ ಕಾಲು ಬಡಿಯುತ್ತಿದೆ! ಅಂಗಡಿಯವನು ನಕಲಿ ಮಾಲು ಕೊಟ್ಟ ಅಂತ ಸುಮ್ನೆ ಬೈದುಕೊಂಡೆ.

ಕಾಕಾ ಬಂದು ಎತ್ತಿನ ಮುಂದೆ ಕುಕ್ಕರಗಾಲಲ್ಲಿ ಕೂತರು. "ತಮ್ಮಾ, ನೊಣ ಎಲ್ಲಿ ಕುಂತಾವ ನೋಡು. ನೀ ಎಲ್ಲಿ ಹೊಡದಿ?"

ಕಾಲಲ್ಲೇ ಇದ್ದವು. ನೋಡಲು ಮನೆ ನೊಣದ ಹಾಗೇ, ಆದರೆ ಬಾಯಿ ಮಾತ್ರ ಸೂಜಿ ಥರ ಮುಂದಕ್ಕೆ ಚಾಚಿರುತ್ತದೆ. ತಲೆ ಮೇಲೆ ಮಾಡಿ ಕೂರುತ್ತವೆ. ಗಂಡೂ ಹೆಣ್ಣೂ ಎರಡೂ ರಕ್ತ ಕುಡಿಯುತ್ತವೆ. ಎತ್ತು ಕಾಲು ಒದರಿದರೆ ಅರ್ಧ ಹೊಟ್ಟೆಗೆ ಎದ್ದು ಪಕ್ಕದ ಆಕಳ ಕಾಲಿಗೆ ಹೋಗಿ ಕೂರುತ್ತವೆ, ಬಾಯಲ್ಲಿ ಇನ್ನೂ ಮೊದಲಿನ ದನದ ಹಸಿ ರಕ್ತ ಇರುತ್ತದಲ್ಲ, ರೋಗ ದಾಟುವುದು ಅಲ್ಲೇ. ದನ, ಕುದುರೆ, ಒಂಟೆಗಳ ರಕ್ತದಲ್ಲಿ ರೋಗಾಣು ಸೇರಿ ಜ್ವರ ತರುವ ಸರ್ರಾ ರೋಗ ಹರಡುವುದೂ ಹೀಗೇ, ಅದರಲ್ಲಿ ದೊಡ್ಡ ಕಚ್ಚುವ ನೊಣಗಳ ಪಾಲು ಜಾಸ್ತಿ. ಆ ರೋಗಾಣುವನ್ನು 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯರು ಆಗಿನ ಪಂಜಾಬಿನಲ್ಲಿ, ಕುದುರೆ ಒಂಟೆಗಳ ರಕ್ತದಲ್ಲಿ ಕಂಡುಹಿಡಿದರು. 2019ರಲ್ಲಿ ಒಡಿಶಾದಲ್ಲಿ ಮೊದಲು ಕಾಣಿಸಿಕೊಂಡು 2022ರಲ್ಲಿ ಎಲ್ಲರ ನಿದ್ದೆ ಕೆಡಿಸಿದ ಚರ್ಮಗಂಟು ರೋಗವನ್ನೂ ಕಚ್ಚುವ ನೊಣ, ಸೊಳ್ಳೆಗಳು ಹೊತ್ತು ತಿರುಗುತ್ತವೆ. ಅದಕ್ಕೆ ಲಸಿಕೆ ಹಾಕಿಸಲೇಬೇಕು. ಔಷಧಿ ತಾಗಿದ ನೊಣ ಸಾಯುವ ಮೊದಲೇ ಕಚ್ಚಿರಬಹುದು, ಅಲ್ವಾ?

ಆಮೇಲೆ ಓದಿ ತಿಳಿದದ್ದು ಇದು. ಆಫ್ರಿಕಾದ ಟ್ಸೆಟ್ಸೆ ನೊಣವೂ ದನದ ಕಾಲು, ಹೊಟ್ಟೆಗೇ ಜಾಸ್ತಿ ಕಚ್ಚುತ್ತದೆ. ಉಗಾಂಡಾದಲ್ಲಿ ಆ ನೊಣ ಮನುಷ್ಯರಿಗೆ ಹರಡುವ ನಿದ್ರಾರೋಗ ತಡೆಯಲು 2006ರಲ್ಲಿ ಶುರುವಾದ ಕೆಲಸದಲ್ಲಿ ದನದ ಮೈಯೆಲ್ಲ ತೋಯಿಸದೆ ಅಲ್ಲಿಗೆ ಮಾತ್ರ ಔಷಧಿ ಹೊಡೆದರು. ಖರ್ಚು ಎಷ್ಟೋ ಕಡಿಮೆ. ಆ ನೊಣ ನಮ್ಮಲ್ಲಿ ಇಲ್ಲ, ಆದರೆ ಕಾಕಾ ಹೇಳಿದ್ದೂ ಅದೇ ತಾನೇ!

ಈಗ ನಾನೂ ಮೊಣಕಾಲಿನ ಕೆಳಗೆ ಮತ್ತು ಹೊಟ್ಟೆಗೇ ಹೊಡೆಯುತ್ತೇನೆ, ಹಾಲು ಹಿಂಡಿದ ಮೇಲೆ, ಕೆಚ್ಚಲು ಬಿಟ್ಟು. ಆದರೂ ನಮ್ಮ ಎರೆ ಕೆಸರಲ್ಲಿ ಒಮ್ಮೆ ತಿರುಗಾಡಿ ಬಂದರೆ ಕಾಲಿನ ಔಷಧಿ ಅರ್ಧ ಹೋದ ಹಾಗೇ.

ಅದಕ್ಕಿಂತ ದೊಡ್ಡ ಕೆಲಸ ಗ್ವಾದ್ಲಿ (ದನಕ್ಕೆ ಮೇವು ಹಾಕುವ ಜಾಗ) ಹಿಂದೆ ಇತ್ತು. ದನ ತಿಂದು ಬಿಟ್ಟ ಕಣಕಿ, ಸೆಗಣಿ, ಉಚ್ಚೆ ಸೇರಿ ಕೊಳೆತು ಒಂದು ಗುಡ್ಡೆ. ಸಲಿಕೆ ಹಾಕಿ ಎತ್ತಿದೆ ನೋಡಿ, ಬಿಳಿ ಹುಳ ಬುಳುಬುಳು ಅಂತ ಹರಿದವು. ತತ್ತಿಯಿಂದ ನೊಣ ಆಗಲು ಮೂರ್ನಾಲ್ಕು ವಾರ ಸಾಕು. ಅಂದ್ರೆ ನೊಣವನ್ನು ನಾವೇ ಸಾಕಿ, ನಾವೇ ದುಡ್ಡು ಕೊಟ್ಟು ಸಾಯಿಸುತ್ತಿದ್ದೆವು. ಮಳೆ ಬಿಟ್ಟ ದಿನ ಅದನ್ನೆಲ್ಲ ಹೊಲಕ್ಕೆ ಒಯ್ದು ತೆಳ್ಳಗೆ ಹರವಿದೆವು, ಒಣಗಿದರೆ ಹುಳ ಬದುಕುವುದಿಲ್ಲ.

ನಿನ್ನೆ ಸಂಜೆ ಕಾಕಾ ಎತ್ತಿನ ಒಂದು ಮುಂಗಾಲು ನೋಡಿ ಎಣಿಸಿದರು. ಮೂರು ನೊಣ. "ಇವು ಮತ್ತ ಎಲ್ಲಿಂದ ಬಂದ್ವು?" ಅಂದೆ. ಅವರು ಮಾತಾಡದೆ ಗೋಡೆಯಾಚೆ ಪಕ್ಕದ ಮನೆಯವರ ತಿಪ್ಪೆ ಕಡೆ ಕೈ ಮಾಡಿದರು.