ಬಾರದವರ ಪಟ್ಟಿ

ನಮ್ಮ ಕ್ರೈಸ್ತ ಸಭೆಯಲ್ಲಿ ಯಾರು ಸಿಕ್ಕರೂ ಮೊದಲು ಕೇಳುವುದು, ‘ಯೌವನಸ್ಥರ ಕೂಟಕ್ಕ ಎಷ್ಟ್ ಮಂದಿ ಬರ್ತಾರ?’ ಎಂದು. ಕಾಳಜಿಯಿಂದಲೇ ಕೇಳುತ್ತಾರೆ. ಆದರೆ ಈ ಕೂಟದ ಹೊಣೆ ಹೊತ್ತ ಮೇಲೆ ನಾನು ಹೆಚ್ಚು ಗಮನ ಇಡುವುದು ಬಾರದವರ ಮೇಲೆ.

ಭಾನುವಾರದ ಆರಾಧನೆಗೆ ಒಬ್ಬ ಹುಡುಗ ಬರದಿದ್ದರೆ ಅವನ ಮನೆಯವರಿಗಷ್ಟೇ ಗೊತ್ತು. ಶನಿವಾರ ಸಂಜೆ ಸಂಡೇ ಸ್ಕೂಲ್ ಕೋಣೆಯಲ್ಲಿ ಹತ್ತು ಹನ್ನೆರಡು ಮಂದಿ ಚಾಪೆ ಹಾಸಿ ದುಂಡಗೆ ಕೂತಾಗ, ಯಾರಿಲ್ಲ ಅನ್ನುವುದು ಎಲ್ಲರಿಗೂ ಕಾಣುತ್ತದೆ. ಒಂದು ಹಾಡು, ಸರದಿಯಂತೆ ಸತ್ಯವೇದ (ಬೈಬಲ್) ಓದುವುದು, ಪ್ರಶ್ನೆ, ಪ್ರಾರ್ಥನೆ, ಆಮೇಲೆ ಗಿರಮಿಟ್ಟು, ಚಹಾ. ಏಳೂವರೆಗೆ ಮುಗಿಸುತ್ತೇವೆ.

ಬಾರದವರನ್ನು ವಿಚಾರಿಸುವ ಪದ್ಧತಿ ಹಳೆಯದು. 1881ರ ಫೆಬ್ರವರಿ 2ರಂದು ಅಮೆರಿಕದ ಮೇನ್ ಸಂಸ್ಥಾನದ ಪೋರ್ಟ್‌ಲೆಂಡಿನಲ್ಲಿ ಫ್ರಾನ್ಸಿಸ್ ಕ್ಲಾರ್ಕ್ ಎಂಬ ಸಭಾಪಾಲಕರು ತಮ್ಮ ಹುಡುಗ ಹುಡುಗಿಯರನ್ನು ಮನೆಗೆ ಕರೆದು ಕ್ರಿಶ್ಚಿಯನ್ ಎಂಡೆವರ್ ಸಂಘ ಕಟ್ಟಿದರು. ಪ್ರತಿಯೊಬ್ಬರೂ ಕೂಟದಲ್ಲಿ ಏನಾದರೂ ಪಾಲು ತಗೋಬೇಕು, ತಿಂಗಳಿಗೊಮ್ಮೆ ಹೆಸರು ಕೂಗಬೇಕು, ತಪ್ಪಿಸಿಕೊಂಡವರನ್ನು ಹುಡುಕಿಕೊಂಡು ಹೋಗಲು ಯುವಕರದೇ ಒಂದು ಸಮಿತಿ ಇರಬೇಕು. ಆ ಸಂಘ ನಮ್ಮ ದೇಶದ ಸಭೆಗಳಿಗೂ ಹಬ್ಬಿತು. ಹುಡುಕಿಕೊಂಡು ಹೋಗುವ ಕೆಲಸವನ್ನು ಸಭಾಪಾಲಕರಾದ ಅಯ್ಯನವರಿಗೆ ಬಿಡದೆ ಯುವಕರ ಕೈಗೇ ಕೊಟ್ಟರಲ್ಲ, ಅದು ನನಗೆ ಬಹಳ ಹಿಡಿಸಿತು.

ಒಬ್ಬ ಹುಡುಗ, ಪಿಯುಸಿ ಎರಡನೇ ವರ್ಷ, ಕಾಮರ್ಸ್. ಗಿಟಾರ್ ಬಾರಿಸುತ್ತಿದ್ದ. ಏಪ್ರಿಲ್‌ನಲ್ಲಿ ಪರೀಕ್ಷೆ-1ರ ಫಲಿತಾಂಶ ಬಂದ ಮೇಲೆ ಕೂಟಕ್ಕೆ ಬರುವುದನ್ನು ಬಿಟ್ಟ. ಕೂಟದ ಇನ್ನೊಬ್ಬ ಹುಡುಗನನ್ನು ಕರಕೊಂಡು ಮನೆಗೆ ಹೋದೆ. ‘ಅಂವಾ ಒಳಗದಾನ್ರೀ ಅಕ್ಕಾರ, ಹೊರಗ ಬರಂಗಿಲ್ಲ ಅಂತಾನ,’ ಎಂದರು ತಾಯಿ. ಚಹಾ ಕುಡಿದು, ಪ್ರಾರ್ಥನೆ ಮಾಡಿ ಎದ್ದೆವು. ಮುಂದಿನ ವಾರವೂ ಹಾಗೇ. ಆಮೇಲೊಂದು ದಿನ ಬಾಗಿಲ ಮರೆಯಲ್ಲೇ ನಿಂತು ಕೇಳಿದ, ‘ಅಕ್ಕಾ, ನಿಮಗ ಪಾರ್ಟ್ನರ್‌ಶಿಪ್ ಅಕೌಂಟ್ಸ್ ಬರ್ತದ?’

ನಾನು ಪತ್ತಿನ ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುವವಳು. ಜಮಾ ಖರ್ಚು ನನ್ನ ದಿನದ ಅನ್ನ. ಅವರ ಮನೆಯ ಪಡಸಾಲೆಯಲ್ಲೇ, ತಾಯಿಯ ಎದುರಿಗೆ, ಹೊಸ ಪಾಲುದಾರ ಸೇರಿದಾಗ ಗುಡ್‌ವಿಲ್ ಹೇಗೆ ಹಂಚಬೇಕು ಅನ್ನುವಲ್ಲಿಂದ ಶುರುಮಾಡಿದೆವು. ಅತ್ತ ಸಭೆಯಲ್ಲಿ ವಿಬಿಎಸ್ (ಮಕ್ಕಳ ಬೇಸಿಗೆ ರಜೆಯ ಬೈಬಲ್ ಶಾಲೆ) ನಡೆದಿತ್ತು, ಚಿಕ್ಕ ಮಕ್ಕಳ ಹಾಡು, ಕುಣಿತ. ಅದನ್ನು ಬೇರೆಯವರು ಚೆಂದ ನಡೆಸಿದರು. ನನ್ನ ಆ ಬೇಸಿಗೆಯ ಸೇವೆ ಈ ಪಡಸಾಲೆಯಲ್ಲಿತ್ತು. ಪರೀಕ್ಷೆ-2ರಲ್ಲಿ ಅವನು ಪಾಸಾದ. ಈಗಲೂ ಪ್ರತಿ ಶನಿವಾರ ಬರುವುದಿಲ್ಲ. ಬಂದಾಗ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುತ್ತಾನೆ. ದೇವರು ಪ್ರಾರ್ಥನೆ ಕೇಳುತ್ತಾನೆ ಅಂದರೆ ಫೇಲಾದವರ ಪ್ರಾರ್ಥನೆ ಎಲ್ಲಿ ಹೋಯಿತು ಎಂದು ಒಮ್ಮೆ ಕೇಳಿದ. ತೀರಿಕೊಂಡ ಲಾಜರನ ಒಡಹುಟ್ಟಿದ ಮಾರ್ಥ, ಮರಿಯ ಇಬ್ಬರೂ ಯೇಸುವಿಗೆ ‘ನೀನು ಇಲ್ಲಿದ್ದಿದ್ದರೆ ಅವನು ಸಾಯುತ್ತಿರಲಿಲ್ಲ’ ಎಂದು ಮುಖಕ್ಕೆ ಹೇಳಿದ ಭಾಗವನ್ನು, ಯೋಹಾನ 11ನೇ ಅಧ್ಯಾಯ, ಎಲ್ಲರೂ ಕೂಡಿ ಓದಿದೆವು. ಅವನ ಪ್ರಶ್ನೆಗೆ ಉತ್ತರ ಮುಗಿಯಲಿಲ್ಲ, ನಾನೂ ಮುಗಿಸಲು ಹೋಗಲಿಲ್ಲ.

ಮನೆ ಭೇಟಿಗೆ ನಾವು ಕೆಲವು ಕಟ್ಟುಪಾಡು ಮಾಡಿಕೊಂಡಿದ್ದೇವೆ. ಇಬ್ಬರೇ ಹೋಗಬೇಕು, ಒಬ್ಬರೇ ಎಂದೂ ಹೋಗಬಾರದು. ತಂದೆತಾಯಿಗೆ ಮೊದಲೇ ಫೋನ್ ಮಾಡಿರಬೇಕು. ಹದಿನೆಂಟಾಗದ ಮಕ್ಕಳ ಜೊತೆ ಬಾಗಿಲು ಮುಚ್ಚಿ ಮಾತಿಲ್ಲ. ಇನ್ನೊಂದರ ಬಗ್ಗೆ ನಾನು ತೀರಾ ಬಿಗಿ: ಅಲ್ಲಿ ಕೇಳಿದ್ದನ್ನು ಅವರ ಒಪ್ಪಿಗೆ ಇಲ್ಲದೆ ಕೂಟದಲ್ಲಿ ಪ್ರಾರ್ಥನೆಯ ವಿಷಯವಾಗಿ ಹೇಳಬಾರದು. ‘ಇಂಥವರ ಮನ್ಯಾಗ ಭಾಳ ತ್ರಾಸ ಐತಿ, ಪ್ರಾರ್ಥನಾ ಮಾಡ್ರಿ’ ಎಂದು ವಾಟ್ಸಾಪ್ ಗುಂಪಿಗೆ ಹಾಕಿದರೆ, ಆ ಮನೆಯ ಹುಡುಗಿ ಮತ್ತೆ ನಮ್ಮ ಬಾಗಿಲಿಗೆ ಬರುವುದಿಲ್ಲ. ದೇವರಿಗೆ ಹೇಳಲು ಗುಂಪು ಬೇಕಿಲ್ಲ.

ಈ ವರ್ಷ ಕೂಟದಲ್ಲಿ ಸೈನ್ಸ್ ಓದುವ ಹುಡುಗಿಯರಿದ್ದಾರೆ. ಫಿಸಿಕ್ಸ್ ನನ್ನ ಕೈಗೆ ಹತ್ತದ ವಿಷಯ. ಸಭೆಯವರಲ್ಲಿ ಯಾರಾದರೂ ವಾರಕ್ಕೊಂದು ಸಂಜೆ ಕೊಟ್ಟು, ಮಾರ್ಚ್‌ ತನಕ ತಪ್ಪದೆ ಬರುವುದಾದರೆ ಈ ಶನಿವಾರವೇ ಬನ್ನಿ. ಉಪದೇಶ ಮಾಡಲು ಬಾರದಿದ್ದರೂ ನಡೆಯುತ್ತದೆ.