ಗೋಡೌನಿನಲ್ಲಿ ಹುಟ್ಟಿದ ಹೊಂಗೆ ಲ್ಯಾಬ್

ನಮ್ಮ ಕಾಲೇಜಿನ ಈಗಿನ ವಿದ್ಯಾರ್ಥಿಗಳು ಬಯೋಡೀಸೆಲ್ (ಎಣ್ಣೆಯಿಂದ ಮಾಡುವ ಡೀಸೆಲ್‌ನಂಥ ಇಂಧನ) ಲ್ಯಾಬ್ ಅಂತ ಕರೆಯುವ ಕೋಣೆ ನಮ್ಮ ಕಾಲಕ್ಕೆ ಬರೀ ಗೋಡೌನು. ಕೆಮಿಸ್ಟ್ರಿ ಲ್ಯಾಬಿನ ಹಿಂದೆ, ಮುರಿದ ಬೆಂಚು, ಹಳೇ ಉತ್ತರ ಪತ್ರಿಕೆಗಳ ಮೂಟೆ. ಅದನ್ನು ಖಾಲಿ ಮಾಡಿ, ಸುಣ್ಣ ಹೊಡೆದು, ಕಡಪ ಕಲ್ಲಿನ ಕಟ್ಟೆ ಕಟ್ಟಿದ್ದು ನಮ್ಮ ಬ್ಯಾಚಿನವರು. ಲ್ಯಾಬ್ ಮತ್ತೆ ಶುರುವಾಗುತ್ತಿದೆ ಅಂತ ಕೇಳಿ ತುಂಬಾ ಖುಷಿಯಾಯಿತು. ಅದಕ್ಕೇ ನೆನಪಿರುವಷ್ಟನ್ನು ಬರೆಯುತ್ತಿದ್ದೇನೆ.

ಆಗ ರಾಜ್ಯದಲ್ಲಿ ಜೈವಿಕ ಇಂಧನದ ಮಾತು ಜೋರಾಗಿತ್ತು. ಸರ್ಕಾರ 2009ರಲ್ಲಿ ಅದಕ್ಕೊಂದು ನೀತಿಯನ್ನೇ ತಂದಿತ್ತು. ಹಾಸನದ ಹತ್ತಿರ ಮಡೆನೂರಿನ ಜೈವಿಕ ಇಂಧನ ಪಾರ್ಕಿಗೆ ನಮ್ಮನ್ನು ಕರೆದುಕೊಂಡು ಹೋಗಿದ್ದರು. ಹೊಂಗೆ, ಬೇವು, ಹಿಪ್ಪೆ, ಸಿಮರೂಬ ಎಲ್ಲವನ್ನೂ ಅಲ್ಲಿ ನೋಡಿದೆವು. ವಾಪಸ್ ಬರುವಾಗ ಬಸ್ಸಿನಲ್ಲಿ ಕೆಮಿಸ್ಟ್ರಿ ಮೇಷ್ಟ್ರು, "ನಮ್ಮ ಹಾಸ್ಟೆಲ್ ರಸ್ತೆ ತುಂಬಾ ಹೊಂಗೆ ಮರಾನೇ ಅಲ್ವೇನ್ರೋ? ನಾವೂ ಯಾಕೆ ಮಾಡಬಾರದು?" ಅಂದರು. ಶುರುವಾಗಿದ್ದು ಅಲ್ಲಿಂದ.

ಕೋಣೆಗೆ ಮೊದಲು ಬಂದದ್ದು ಎಕ್ಸಾಸ್ಟ್ ಫ್ಯಾನ್, ಮರಳಿನ ಬಕೆಟ್, ಬೀಗ ಹಾಕುವ ಕಬ್ಬಿಣದ ಬೀರು. ಬೀರು ಮೆಥನಾಲ್ ಇಡುವುದಕ್ಕೆ. ಎಣ್ಣೆ ಬಯೋಡೀಸೆಲ್ ಆಗಲು ಬೇಕಾದ ಆಲ್ಕೋಹಾಲ್ ಅದು. ಕಳ್ಳಭಟ್ಟಿ ದುರಂತಗಳಲ್ಲಿ ಜನರ ಕಣ್ಣು, ಪ್ರಾಣ ತೆಗೆಯುವುದು ಇದೇ ಮೆಥನಾಲ್. ಬೀಗದ ಕೈ ಮೇಷ್ಟ್ರ ಹತ್ತಿರವೇ ಇರುತ್ತಿತ್ತು. ಎಷ್ಟು ತೆಗೆದೆವು, ಎಷ್ಟು ಉಳಿಯಿತು ಅಂತ ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕದೆ ಯಾರೂ ಹೊರಗೆ ಹೋಗುವಂತಿರಲಿಲ್ಲ. ಒಳಗೆ ಬೆಂಕಿಯ ಮಾತೇ ಇಲ್ಲ, ಬಿಸಿ ಮಾಡುವುದೆಲ್ಲ ಕರೆಂಟಿನ ವಾಟರ್ ಬಾತ್‌ನಲ್ಲಿ. ಆಮೇಲೆ ಮೆಕ್ಯಾನಿಕಲ್ ಹುಡುಗರು ವರ್ಕ್‌ಶಾಪಿನಲ್ಲಿ ಸ್ಟೀಲ್ ಡ್ರಮ್ಮಿಗೆ ಆಲಿಕೆಯಂಥ ತಳ ವೆಲ್ಡ್ ಮಾಡಿ, ಕೆಳಗೆ ವಾಲ್ವ್ ಕೂರಿಸಿಕೊಟ್ಟರು. ಎಷ್ಟು ನೀಟಾದ ಕೆಲಸ ಅಂದರೆ ಒಂದು ಹನಿಯೂ ಸೋರಲಿಲ್ಲ.

ಮೇಷ್ಟ್ರದ್ದು ಒಂದೇ ಹಠ. ಎಣ್ಣೆಯಲ್ಲಿ ಆಮ್ಲದ ಅಂಶ ಎಷ್ಟಿದೆ ಅಂತ ಪರೀಕ್ಷೆ ಮಾಡದೆ ಒಂದು ಗ್ರಾಂ ಕಾಸ್ಟಿಕ್ ಸೋಡಾ ಕೂಡ ತೂಗಬಾರದು. 1 ಮಿ.ಲೀ. ಎಣ್ಣೆಯನ್ನು 10 ಮಿ.ಲೀ. ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಕರಗಿಸಿ, ಆಮ್ಲ ಮುಗಿದಾಗ ಗುಲಾಬಿ ತಿರುಗುವ ಫಿನಾಲ್ಫ್ತಲೀನ್ ಎರಡು ಹನಿ ಹಾಕಿ, ಲೀಟರಿಗೆ 1 ಗ್ರಾಂ ಕಾಸ್ಟಿಕ್ ಇರುವ ದ್ರಾವಣವನ್ನು ಬ್ಯುರೆಟ್ಟಿನಿಂದ (ಅಳತೆ ಗೆರೆಯಿರುವ ಗಾಜಿನ ಕೊಳವೆ) ಹನಿಹನಿಯಾಗಿ ಬಿಡಬೇಕು. ಹೊಂಗೆ ಎಣ್ಣೆ ಕೆಂಪು ಕಂದು ಬಣ್ಣದ್ದು. ಗುಲಾಬಿ ತಿರುಗಿದ್ದು ಕಣ್ಣಿಗೆ ಸುಲಭಕ್ಕೆ ಬೀಳುವುದಿಲ್ಲ. ಫ್ಲಾಸ್ಕಿನ ಹಿಂದೆ ಬಿಳಿ ಹಾಳೆ ಹಿಡಿದು ಇಬ್ಬರು ನೋಡುತ್ತಿದ್ದೆವು. 3 ಮಿ.ಲೀ. ಹಿಡಿದರೆ, ಲೀಟರ್ ಎಣ್ಣೆಗೆ ಹಾಕುವ ಮಾಮೂಲಿ 3.5 ಗ್ರಾಂ ಜೊತೆ ಇನ್ನೂ 3 ಗ್ರಾಂ. ತುಂಬಾ ಜಾಸ್ತಿ ಹಿಡಿದರೆ ಆ ಎಣ್ಣೆಯನ್ನು ಮೊದಲು ಸಲ್ಫ್ಯೂರಿಕ್ ಆಮ್ಲ, ಮೆಥನಾಲ್ ಹಾಕಿ ಹದಕ್ಕೆ ತರಬೇಕು. ಎಚ್ಚರ ತಪ್ಪಿದರೆ ಏನಾಗುತ್ತದೆ ಅಂತ ತೋರಿಸಲು ಮೇಷ್ಟ್ರು ನೀರು ಸೇರಿದ ಎಣ್ಣೆಯಲ್ಲಿ ಬೇಕಂತಲೇ ಒಂದು ಬಾಟಲಿ ಮಾಡಿ ಕಿಟಕಿಯಲ್ಲಿಟ್ಟಿದ್ದರು. ಗಟ್ಟಿ ಸೋಪು.

ಮೆಥನಾಲಿನಲ್ಲಿ ಕಾಸ್ಟಿಕ್ ಕರಗುವಾಗ ಫ್ಲಾಸ್ಕು ತಾನಾಗೇ ಬಿಸಿಯಾಗುತ್ತದೆ. ಅದನ್ನು ಬಿಸಿ ಎಣ್ಣೆಗೆ ಸೇರಿಸಿ, 60 ಡಿಗ್ರಿ ಆಸುಪಾಸಿನಲ್ಲಿಟ್ಟು ಸುಮಾರು ಒಂದೂವರೆ ಗಂಟೆ ಕಲಕಬೇಕು. 65ರ ಹತ್ತಿರ ಮೆಥನಾಲ್ ಕುದಿಯುತ್ತದೆ, ಅದಕ್ಕೇ ಮೇಲೆ ಆವಿಯನ್ನು ತಣಿಸಿ ಮತ್ತೆ ಕೆಳಗಿಳಿಸುವ ಕಂಡೆನ್ಸರ್. ಸ್ಟಿರರ್ ನಿಲ್ಲಿಸಿದ ಮೇಲಿನ ಹೊತ್ತು ನನಗೆ ಬಹಳ ಇಷ್ಟ. ಒಂದೇ ಸಮ ಕಲಕಿಹೋಗಿದ್ದ ದ್ರವದಲ್ಲಿ ಕಪ್ಪು ಎಳೆಗಳು ಕೆಳಕ್ಕೆ ಇಳಿಯತೊಡಗುತ್ತವೆ. ಬೆಳಿಗ್ಗೆ ನೋಡಿದರೆ ತಳದಲ್ಲಿ ದಪ್ಪ ಗ್ಲಿಸರಿನ್, ಮೇಲೆ ತಿಳಿಯಾದ ಬಯೋಡೀಸೆಲ್. ಬೆಚ್ಚಗಿನ ನೀರಿನಲ್ಲಿ ತೊಳೆದು, ನೀರಿನಂಶ ಹೋಗುವವರೆಗೆ ಕಾಯಿಸಿದರೆ ಮುಗಿಯಿತು.

ಬೀಜ ಮೊದಮೊದಲು ನಾವೇ ಆರಿಸಿದೆವು. ಸಾಲದೆ ಬಂದಾಗ ಪಕ್ಕದ ಊರಿನ ಹೆಂಗಸರಿಂದ ಕೊಂಡೆವು. ಕಾಯಿ ಕುಟ್ಟುತ್ತಿದ್ದ ಒಬ್ಬ ಅಜ್ಜಿ, "ಬಿಡಿಸಿ ಬಿಡಿಸಿ ಬೆರಳು ಉರೀತವೆ ಕಣಪ್ಪಾ. ರೇಟು ನೋಡಿ ಹಾಕ್ರಪ್ಪ" ಅಂದರು. ನಾಲ್ಕು ಕಿಲೋ ಬೀಜ ಗಾಣಕ್ಕೆ ಹಾಕಿದರೆ ಹೆಚ್ಚುಕಮ್ಮಿ ಒಂದು ಕಿಲೋ ಎಣ್ಣೆ. ಅಜ್ಜಿಗೆ ಸರಿಯಾದ ದುಡ್ಡು ಕೊಟ್ಟ ಮೇಲೆ ನಮ್ಮ ಇಂಧನ ಡೀಸೆಲ್‌ಗಿಂತ ಅಗ್ಗವೇನೂ ಆಗಲಿಲ್ಲ. ಹೊಂಗೆ ಹಿಂಡಿಯನ್ನು ತೆಂಗಿನ ತೋಟದವರಿಗೆ ಗೊಬ್ಬರಕ್ಕೆ ಮಾರಿದಾಗಲೇ ಲೆಕ್ಕ ಸ್ವಲ್ಪ ಹತ್ತಿರ ಬಂದದ್ದು. ಹೊಂಗೆ ಬಗ್ಗೆ ಭಾಷಣ ಮಾಡುವವರು ಬೀಜ ಬಿಡಿಸುವ ಕೂಲಿಯ ಮಾತನ್ನೇ ಎತ್ತುವುದಿಲ್ಲ. ನನಗೆ ಇವತ್ತಿಗೂ ಅದು ಬೇಜಾರು. ಹಾಗಂತ ಹೊಂಗೆಯ ಮೇಲಿನ ನಂಬಿಕೆ ಹೋಗಿಲ್ಲ. ಆಗ ಎಲ್ಲರೂ ಹೊಗಳುತ್ತಿದ್ದ ಜಟ್ರೋಫಾ ನೆಟ್ಟ ಎಷ್ಟೋ ರೈತರಿಗೆ ಹೇಳಿದಷ್ಟು ಇಳುವರಿ ಸಿಗಲಿಲ್ಲ. ಹೊಂಗೆ ನಮ್ಮ ಬದುಗಳಲ್ಲಿ ಮೊದಲಿಂದಲೂ ಇರುವ ಮರ.

ವರ್ಕ್‌ಶಾಪಿನ ಒಂಟಿ ಸಿಲಿಂಡರ್ ಎಂಜಿನ್‌ಗೆ ನಾವು ಹಾಕಿದ್ದು 20 ಪಾಲು ನಮ್ಮದು, 80 ಪಾಲು ಡೀಸೆಲ್. ಎಂಜಿನ್ ಹೊತ್ತಿಕೊಂಡಾಗ ಅಟೆಂಡರ್ ಅಣ್ಣನೇ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಈಗ ನಿಮಗೆ ಇನ್ನೊಂದು ದಾರಿಯೂ ಇದೆ. ಕರಿದ ಎಣ್ಣೆಯಲ್ಲಿ ಪೋಲಾರ್ ಅಂಶ (ಮತ್ತೆ ಮತ್ತೆ ಕಾಯಿಸಿ ಎಣ್ಣೆ ಕೆಟ್ಟಾಗ ಹೆಚ್ಚುವಂಥದ್ದು) 25 ಶೇಕಡಾ ಮೀರಿದರೆ ಅಡುಗೆಗೆ ಬಳಸಬಾರದು ಅಂತ 2018ರಿಂದ ನಿಯಮವಿದೆ. ಹಾಸ್ಟೆಲ್ ಮೆಸ್ಸಿನ ಪೂರಿ, ಬೋಂಡಾ ಎಣ್ಣೆ ಲ್ಯಾಬಿಗೆ ಬರಲಿ. ಚೆನ್ನಾಗಿ ಸೋಸಿ, ನೀರು ಆರಿಸಿ, ಮೊದಲು ಬ್ಯುರೆಟ್ ಹಿಡಿಯಿರಿ. ಎಂಜಿನ್‌ನ ಹಳೇ ರಬ್ಬರ್ ಪೈಪು ಬದಲಿಸಿ. ಬಯೋಡೀಸೆಲ್ ಟ್ಯಾಂಕಿನ ಹಳೇ ಕೊಳೆ ಎಬ್ಬಿಸುವುದರಿಂದ ಶುರುವಿನಲ್ಲಿ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ, ಒಂದೆರಡು ಜಾಸ್ತಿ ಇಟ್ಟುಕೊಳ್ಳಿ. ಬೇಸಿಗೆಗೆ ಹೊಂಗೆ ಕಾಯಿ ಬಲಿಯುವ ಮೊದಲೇ ಪಕ್ಕದ ಊರಿಗೆ ಹೋಗಿ ಬೀಜದ ರೇಟು ಮಾತಾಡಿಕೊಂಡು ಬನ್ನಿ. ಮೊದಲ ಬ್ಯಾಚಿನ ಬೀಜದ ದುಡ್ಡು ನನ್ನದು.